ಟೊಮೇಟೊ ಸಾರಿಗೊಂದು ಎರವಲು ಮೂಗು

ದೇವರು ನನಗೆ ಮೂಗು ಕೊಟ್ಟದ್ದು ಕನ್ನಡಕ ನಿಲ್ಲಿಸಿಕೊಳ್ಳಲಿ ಎಂದೇ ಎಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಉಸಿರಾಟವೆಂಬ ಇನ್ನೊಂದು ಉಪಯೋಗ ಅದಕ್ಕಿದೆ, ನಿಜ. ಆದರೆ ಆ ಕೆಲಸ ನಮ್ಮನ್ನು ಕೇಳದೆಯೇ ನಡೆಯುತ್ತಿರುತ್ತದೆ. ಅದರ ಕೀರ್ತಿಯನ್ನು ನಾವು ತೆಗೆದುಕೊಳ್ಳುವ ಹಾಗಿಲ್ಲ. ಕಂಠ ಚೆನ್ನಾಗಿರುವವರು ಕಂಠದ ಬಗ್ಗೆ, ಅಕ್ಷರ ದುಂಡಗಿರುವವರು ಅಕ್ಷರದ ಬಗ್ಗೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದುಂಟು. ನನ್ನ ಮೂಗು ಭಾರಿ ಚೆನ್ನಾಗಿದೆ ಎಂದು ಯಾರಾದರೂ ಹೇಳಿಕೊಂಡದ್ದನ್ನು ನಾನಂತೂ ಕೇಳಿಲ್ಲ. ಆದರೆ ನಾನು ಹೇಳಿಕೊಂಡೆ. ಹೋದ ಚಳಿಗಾಲದಲ್ಲಿ ನಂಜನಗೂಡಿನಿಂದ ತಿ. ನರಸೀಪುರದ ತನಕ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಕೊಂಡೆ. ಅದು ಹೇಗಾಯಿತೆಂದು ಹೇಳಿದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನನ್ನ ಹೆಂಡತಿ ಇನ್ನೂ ನಗುವುದನ್ನು ನಿಲ್ಲಿಸಿಲ್ಲ.

ಮೊದಲು ನಮ್ಮ ಮನೆಯ ಒಂದು ಕಟ್ಟುನಿಟ್ಟನ್ನು ಹೇಳಿಬಿಡಬೇಕು. ನಮ್ಮಲ್ಲಿ ಅಡಿಗೆ ಮಾಡುವವರು ಅಡಿಗೆಯ ರುಚಿ ನೋಡುವಂತಿಲ್ಲ. ಪೂಜೆಯಾಗಿ, ಮಾಡಿದ್ದನ್ನು ಲಿಂಗಕ್ಕೆ ಎಡೆ ತೋರಿಸುವ ತನಕ ಒಂದು ತೊಟ್ಟೂ ಯಾರ ನಾಲಗೆಗೂ ತಾಗಬಾರದು. ಟಿವಿಯಲ್ಲಿ ಅಡಿಗೆ ತೋರಿಸುವವರು ಸೌಟಿನಿಂದ ಅಂಗೈಗೆ ಸುರಿದುಕೊಂಡು, ನೆಕ್ಕಿ, ಕಣ್ಣು ಮುಚ್ಚಿ 'ಆಹಾ' ಎನ್ನುವಾಗ ನನ್ನ ಹೆಂಡತಿ ಗಿರಿಜ ಮುಖ ಆ ಕಡೆ ತಿರುಗಿಸುತ್ತಾಳೆ. ಮನೆಮಂದಿಯೆಲ್ಲ ಕೂತು ಸಿನಿಮಾ ನೋಡುವಾಗ ಬೇಡದ ದೃಶ್ಯ ಬಂದರೆ ತಿರುಗಿಸುತ್ತಾರಲ್ಲ, ಹಾಗೆ. ಮತ್ತೆ ಉಪ್ಪು ಹುಳಿ ಗೊತ್ತಾಗುವುದು ಹೇಗೆ ಎಂದು ಕೇಳಿದರೆ ಗಿರಿಜ ತನ್ನ ಮೂಗನ್ನು ಮುಟ್ಟಿ ತೋರಿಸುತ್ತಾಳೆ. ಪಾತ್ರೆಯ ಮೇಲೆ ಒಂದು ಗಳಿಗೆ ಬಗ್ಗಿದಳೆಂದರೆ ಮುಗಿಯಿತು. 'ಉಪ್ಪು ಒಂದು ಚಿಟಿಕೆ ಬೇಕು' ಎನ್ನುತ್ತಾಳೆ. ಉಪ್ಪಿಗೆ ವಾಸನೆ ಇಲ್ಲವೆಂದು ನಾನು ಶಾಲೆಯಲ್ಲಿ ಓದಿದ್ದೇನೆ. ಅವಳೂ ಓದಿದ್ದಾಳೆ. ಆದರೂ ಅವಳು ಹೇಳಿದ ಮೇಲೆ ಒಂದು ಚಿಟಿಕೆ ಬೇಕೇ ಬೇಕಾಗಿರುತ್ತದೆ.

ಈ ಮೂಗಿನ ಪ್ರತಾಪವೆಲ್ಲ ಹೊರಬೀಳುವುದು ಟೊಮೇಟೊ ಕಾಲದಲ್ಲಿ. ನಂಜನಗೂಡು ಎಂದರೆ ಹೊರಗಿನವರು ಬಾಳೆಹಣ್ಣನ್ನು ನೆನೆಯುತ್ತಾರೆ, ನೆನೆಯಲಿ. ನನ್ನನ್ನು ಕೇಳಿದರೆ ಮಾರ್ಗಶಿರದ ಚಳಿ ಬಿದ್ದ ಮೇಲೆ ನಮ್ಮ ಸುತ್ತಿನ ಹೊಲಗಳ ಬದುವಿನಲ್ಲಿ ಹಣ್ಣಾಗುವ ಆ ಸಣ್ಣ, ಸೊಟ್ಟ ನಾಟಿ ಟೊಮೇಟೊಗೆ ನನ್ನ ಓಟು. ಅಂಗಡಿಯಲ್ಲಿ ವರ್ಷಪೂರ್ತಿ ಸಿಗುವ ದುಂಡನೆಯ ಟೊಮೇಟೊ ನೋಡುವುದಕ್ಕೆ ಚೆಂದ, ಗೋಡೆಗೆ ಹೊಡೆದರೂ ವಾಪಸು ಬರುತ್ತದೆ. ನಾಟಿಯದು ಬಸ್ಸು ಒಂದು ಬ್ರೇಕು ಹಾಕಿದರೆ ಸಾಕು, ಚೀಲದೊಳಗೇ ಸಾರಾಗಿಬಿಡುತ್ತದೆ. ಆದರೆ ಅದರ ತೊಟ್ಟು ಕಿತ್ತಾಗ ಬರುವ ಆ ಹಸಿರು ಘಾಟು, ಹೆಚ್ಚಿದಾಗ ಹಲಗೆಯ ತುಂಬ ಹರಿಯುವ ರಸ, ಅದನ್ನೇನು ಹೇಳುವುದು! ಗಿರಿಜ ಅದಕ್ಕೆ ಹೆಚ್ಚಿನ ಉಪಚಾರವನ್ನೇನೂ ಮಾಡುವುದಿಲ್ಲ. ಒಂದು ದಿನ ಕೆಂಡದಂಥ ಉರಿಯ ಮೇಲೆ ಸುಟ್ಟು, ಸಿಪ್ಪೆ ತೆಗೆದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನ ಜೊತೆ ಕೈಯಲ್ಲೇ ಹಿಸುಕಿ ರಾಗಿ ರೊಟ್ಟಿಯ ಪಕ್ಕ ಇಡುತ್ತಾಳೆ. ಇನ್ನೊಂದು ದಿನ ಈರುಳ್ಳಿ ಬಾಡಿಸಿ ಗೊಜ್ಜು ಮಾಡುತ್ತಾಳೆ; ಬಿಸಿ ಅನ್ನಕ್ಕೆ ಅದನ್ನು ಕಲಸಿಕೊಂಡು ಉಂಡರೆ ಬೇರೆ ಪಲ್ಯ ಕೇಳುವ ಬಾಯಿ ಬಾಯಲ್ಲ. ಎಲ್ಲಕ್ಕಿಂತ ಮೇಲೆ ಅವಳ ಟೊಮೇಟೊ ಸಾರು. ಬೇಳೆ ಸ್ವಲ್ಪ, ಟೊಮೇಟೊ ಧಾರಾಳ, ಮನೆಯಲ್ಲಿ ಹುರಿದು ಪುಡಿ ಮಾಡಿದ ಸಾರಿನ ಪುಡಿ, ಕೊನೆಗೆ ಇಂಗು ಕರಿಬೇವಿನ ಒಗ್ಗರಣೆ. ಇಷ್ಟೇ. ಇಷ್ಟನ್ನೇ ಹಾಕಿ ಮಾಡಿದ ಸಾರನ್ನು ನಾನು ಬಹಳ ಮನೆಗಳಲ್ಲಿ ಉಂಡಿದ್ದೇನೆ, ಮುಖಸ್ತುತಿಯನ್ನೂ ಮಾಡಿ ಬಂದಿದ್ದೇನೆ. ಆದರೆ ಗಿರಿಜಳ ಸಾರು ಬೇರೆ. ಅದು ಅವಳಿಗೆ ಅವಳ ಅಮ್ಮನಿಂದ ಬಂದದ್ದು.

ಕಾರ್ತಿಕದ ಕೊನೆಗೆ ಅವಳಿಗೆ ಒಂದು ಜ್ವರ ಬಂತು. ಕೈಕಾಲು ನೋವು, ಕೆಮ್ಮು, ಊರಿನಲ್ಲಿ ಎಲ್ಲರಿಗೂ ಇದ್ದದ್ದೇ. ಜ್ವರ ಬಿಟ್ಟು ಎದ್ದು ಅಡಿಗೆಮನೆಗೆ ಹೋದ ದಿನ ನಾನು ಆಫೀಸಿನಿಂದ ಬಂದಾಗ ಅವಳು ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದಳು. "ರೀ, ಇದು ವಾಸನೆ ಬರ್ತಿದೆಯಾ?" ಎಂದಳು. ಬಾಗಿಲಲ್ಲೇ ಬರ್ತಿದೆಯಲ್ಲ ಎಂದೆ. ಅವಳು ಇಂಗಿನ ಡಬ್ಬಿ ತೆಗೆದು ಮೂಸಿದಳು, ಮುಚ್ಚಿದಳು. ಇಂಗಿನ ಡಬ್ಬಿ ತೆಗೆದರೆ ಪಕ್ಕದ ಮನೆಯವರಿಗೂ ತಿಳಿಯುತ್ತದೆ. ಇವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಆ ದಿನದ ಸಾರನ್ನು ಅವಳು ಬರಿಯ ಅಭ್ಯಾಸದ ಮೇಲೆ ಮಾಡಿದಳು. ಅಂಗಡಿ ಟೊಮೇಟೊಗೆ ಹಾಕುವ ಹಾಗೆ ನಾಟಿ ಟೊಮೇಟೊಗೂ ಹುಣಸೆ ಕಿವುಚಿ ಹಾಕಿದ್ದಳು. ಮೊದಲ ತುತ್ತಿಗೇ ನನ್ನ ಎರಡು ಕಿವಿಯೂ ನೆಟ್ಟಗಾದವು. ನಾನು ಚಕಾರವೆತ್ತದೆ ಉಂಡೆ. ಆದರೆ ಉಣ್ಣುವಾಗ ಮಾತಾಡುವವನು ಮಾತಾಡದೆ ಉಂಡದ್ದೇ ತಪ್ಪಾಯಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಆಮೇಲೆ ಎದ್ದು ಒಳಗೆ ಹೋದಳು. ಹೋಗಿ ನೋಡಿದರೆ ಒಲೆಯ ಪಕ್ಕ ನಿಂತು ಅಳುತ್ತಿದ್ದಾಳೆ. ಅವಳು ಅತ್ತದ್ದನ್ನು ನಾನು ಕಂಡಿರುವುದು ಕಡಿಮೆ.

ಡಾಕ್ಟರು 'ಬರುತ್ತೆ ಬಿಡಿ, ಸ್ವಲ್ಪ ಟೈಮ್ ಹಿಡಿಯುತ್ತೆ' ಎಂದರು. ಯಾವಾಗ ಎಂದು ಕೇಳಿದ್ದಕ್ಕೆ ಪೆನ್ನಿನ ಮುಚ್ಚಳ ಹಾಕಿ ಮುಂದಿನವರನ್ನು ಕರೆದರು. ಗಿರಿಜಳ ಚಿಂತೆ ತನಗೆ ರುಚಿ ತಿಳಿಯುತ್ತಿಲ್ಲವೆಂದಲ್ಲ. ಹೆಮ್ಮರಗಾಲದಿಂದ ಅವಳ ಅಪ್ಪ ಬರುವವರಿದ್ದರು. ನಮ್ಮ ಅತ್ತೆ ಹೋದಾಗಿನಿಂದ ಮಾವನವರು ಪ್ರತಿ ವರ್ಷ ಬದುವಿನ ಟೊಮೇಟೊ ಚೆನ್ನಾಗಿ ಹಣ್ಣಾದ ಮೇಲೆ ಒಂದು ಚೀಲ ತುಂಬಿಕೊಂಡು ಮಗಳ ಮನೆಗೆ ಬರುತ್ತಾರೆ. ಅಲ್ಲಿ ಮಗ ಇದ್ದಾನೆ, ಸೊಸೆ ಇದ್ದಾಳೆ, ಅವಳೂ ಚೆನ್ನಾಗಿಯೇ ಅಡಿಗೆ ಮಾಡುತ್ತಾಳೆ. ಆದರೆ ಆ ಸಾರು ಇರುವುದು ಇಲ್ಲಿ. ಮಾವನವರು ಹೊಗಳುವ ಜಾತಿಯಲ್ಲ. ಒಂದು ಸಲ ಉಂಡು, ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, "ಇನ್ನೊಸಿ ಉಯ್ಯವ್ವ" ಎನ್ನುತ್ತಾರೆ. ಎರಡನೇ ಸಲ ಸಾರು ಕೇಳುವ ಆ ಒಂದು ಮಾತಿಗೆ ಗಿರಿಜ ವರ್ಷವಿಡೀ ಕಾಯುತ್ತಾಳೆ. "ಅವ್ವನ ಸಾರು ಅಂತ ಬರ್ತಾರೆ ರೀ. ಅವ್ವನೂ ಇಲ್ಲ, ಸಾರೂ ಇಲ್ಲ ಅಂದ್ರೆ ಅಪ್ಪಂಗೆ ಏನುಳೀತು?" ಎಂದಳು. ವಾಸನೆ ಹೋಗಿರುವ ವಿಷಯ ಅಪ್ಪನ ಕಿವಿಗೆ ಬೀಳಬಾರದು ಎಂದು ನನ್ನಿಂದ ಮಾತೂ ತೆಗೆದುಕೊಂಡಳು.

ನಾನು ಧೈರ್ಯ ಮಾಡಿ, ಹಾಗಾದರೆ ನಾನೇ ಒಂದು ಹನಿ ರುಚಿ ನೋಡಿ ಹೇಳುತ್ತೇನೆ ಎಂದೆ. "ಎಡೆಗೆ ಮುಂಚೇನಾ?" ಎಂದಳು. ಆ ಎರಡು ಪದಗಳಲ್ಲಿ ನನ್ನ ವಂಶದವರೆಲ್ಲ ತಲೆ ತಗ್ಗಿಸಿದ ಹಾಗಾಯಿತು. ಪೂಜೆಯನ್ನೇ ಮೊದಲು ಮುಗಿಸಿಬಿಡೋಣವೇ ಎಂದೆ. ಎಡೆಗೆ ಏನಿಡುತ್ತೀರಿ, ಹಸಿ ಟೊಮೇಟೊನಾ ಎಂದಳು. ಉಳಿದದ್ದು ಒಂದೇ ದಾರಿ. ನನ್ನ ಮೂಗನ್ನು ಅಡಿಗೆಮನೆಗೆ ಎರವಲು ಕೊಡುವುದೆಂದು ತೀರ್ಮಾನವಾಯಿತು. ಆದರೆ ಹೂವನ್ನು ಮೂಸಿದರೆ ಅದು ದೇವರಿಗೆ ಆಗುವುದಿಲ್ಲವಲ್ಲ, ಸಾರನ್ನು ಮೂಸಬಹುದೇ ಎಂದು ನನಗೊಂದು ಶಂಕೆ ಹುಟ್ಟಿತು. ಗಿರಿಜ ಇಷ್ಟು ವರ್ಷ ಮೂಸಿದಾಗ ಹುಟ್ಟದ ಶಂಕೆ, ನಾನು ಮೂಸಬೇಕಾಗಿ ಬಂದ ಕೂಡಲೇ ಹುಟ್ಟಿತು ನೋಡಿ. ಅಷ್ಟರಲ್ಲಿ ನಮ್ಮ ಬೀದಿಯ ಅಯ್ಯನವರು, ಪೂಜೆ ಪುನಸ್ಕಾರಕ್ಕೆಲ್ಲ ನಾವು ಕರೆಯುವ ಹಿರಿಯರು, ಜಗಲಿಗೆ ಬಂದು ಕೂತರು. ಅವರನ್ನೇ ಕೇಳಿದೆ. ಅವರು ಯೋಚನೆ ಮಾಡಿ ಹೇಳಿದರು: "ಊವಿನ ವಾಸ್ನೆಗೆ ನೀನಾಗಿ ಅತ್ರ ಓಗಬೇಕು ಕಣಪ್ಪ. ಸಾರಿನ ವಾಸ್ನೆ ತಾನಾಗೇ ಬೀದಿಗೆ ಬತ್ತದೆ. ಅದ್ರಲ್ಲಿ ನಿನ್ನ ತಪ್ಪೇನು? ನಾನೀಗ ಬಂದಿರೋದೂ ಅದನ್ನ ಇಡ್ಕಂಡೇ." ಎಡೆಯಾದ ಮೇಲೆ ಅವರಿಗೂ ಒಂದು ತಟ್ಟೆ ಹಾಕಿದೆವು. ಶಂಕೆ ಪರಿಹಾರವಾಯಿತು.

ಮೂಗು ಇದ್ದರೆ ಸಾಲದು, ಮೂಗಿಗೆ ಮಾತು ಬೇಕು ಎಂಬುದು ನನಗೆ ತಿಳಿದದ್ದು ಆಗಲೇ. ಗಿರಿಜ ಮುಚ್ಚಳ ತೆಗೆದು "ಹೇಗಿದೆ?" ಎನ್ನುವಳು. ನಾನು "ಘಮಘಮ" ಎನ್ನುವೆ. "ಏನು ಘಮಘಮ? ಬೇಳೆಯಾ, ಪುಡಿಯಾ, ಟೊಮೇಟೊನಾ? ಟೊಮೇಟೊ ಆದ್ರೆ ಹಸೀದಾ, ಬೆಂದದ್ದಾ?" ವಕೀಲರು ಸಾಕ್ಷಿಯನ್ನು ಕೇಳುವ ಹಾಗೆ ಕೇಳುವಳು. ನಾನು ಬೆವರೊರೆಸಿಕೊಂಡು ಮತ್ತೆ ಬಗ್ಗುವೆ. ಹಬೆಗೆ ಕನ್ನಡಕ ಮಂಜಾಗಿ ಪಾತ್ರೆಯೇ ಕಾಣದು. ಆದರೂ ದಿನ ಕಳೆದ ಹಾಗೆ ನನಗೊಂದು ಲೋಕ ತೆರೆದುಕೊಂಡಿತು ಎನ್ನಬೇಕು. ಟೊಮೇಟೊ ಬೇಯಲು ಶುರುವಾದಾಗ ಒಂದು ಎಳೆಯ ಸೊಪ್ಪಿನ ವಾಸನೆ. ಅದು ಹೋಗಿ ಹುಳಿ ಮುಂದೆ ಬರುತ್ತದೆ, ಕೆನ್ನೆಯ ಒಳಗೆ ನೀರೂರುತ್ತದೆ. ಪುಡಿ ಬಿದ್ದ ಮೇಲೆ ಎರಡೂ ಸ್ವಲ್ಪ ಹೊತ್ತು ಬೇರೆ ಬೇರೆಯಾಗಿ ನಿಂತಿರುತ್ತವೆ, ಹೊಸ ಬೀಗರ ಹಾಗೆ. ಆಮೇಲೆ ನೊರೆ ಏಳುವ ಹೊತ್ತಿಗೆ ಇದ್ದಕ್ಕಿದ್ದಂತೆ ಎರಡೂ ಒಂದಾಗಿಬಿಡುತ್ತವೆ. ಆ ಒಂದಾದ ಗಳಿಗೆಗೆ ಒಲೆ ಆರಿಸಬೇಕು, ತಡವಾದರೆ ಸಾರು ಜಡವಾಗುತ್ತದೆ. ಇದೆಲ್ಲ ದಿನವೂ ನನ್ನ ಮನೆಯಲ್ಲಿ, ನಾನು ಪೇಪರು ಓದುತ್ತಾ ಕೂತಿರುವ ಕುರ್ಚಿಯ ಹಿಂದಿನ ಗೋಡೆಯ ಆಚೆಗೇ ನಡೆಯುತ್ತಿತ್ತು. ಈ ಹೆಂಗಸು ಇಷ್ಟು ವರ್ಷ ಇಷ್ಟೆಲ್ಲವನ್ನೂ ಒಂದು ಉಸಿರಿನಲ್ಲಿ ಹಿಡಿದು, ಮೇಲೆ ಅನ್ನವನ್ನೂ ಬಸಿದು, ನನ್ನ ಕೈಗೆ ತಟ್ಟೆ ಕೊಡುತ್ತಿದ್ದಳಲ್ಲ ಎಂದು ಯೋಚಿಸಿದರೆ ನನಗೆ ಅವಳ ಬಗ್ಗೆ ಗೌರವ ಉಕ್ಕಿ ಬಂತು. ಹೇಳಿಯೂಬಿಟ್ಟೆ. "ಮೊದಲು ಕನ್ನಡಕ ಒರಸ್ಕೊಳ್ಳಿ" ಎಂದಳು.

ವಿದ್ಯೆ ಬಂದ ಮೇಲೆ ಕೊಂಬೂ ಬಂತು. ನನ್ನ ಆಫೀಸು ತಿ. ನರಸೀಪುರದಲ್ಲಿ. ಸಂಜೆ ಬಸ್ಸಿಗೆ ಮುಂಚೆ ಮಾರ್ಕೆಟ್ಟಿನಲ್ಲಿ ಟೊಮೇಟೊ ಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಮೊದಲು ಕಣ್ಣು ಮುಚ್ಚಿಕೊಂಡು ಚೀಲಕ್ಕೆ ಸುರಿಸಿಕೊಂಡು ಬರುತ್ತಿದ್ದವನು ಈಗ ಒಂದೊಂದನ್ನೇ ಎತ್ತಿ, ತೊಟ್ಟಿನ ಹತ್ತಿರ ಮೂಸಿ, ಬೇಡವಾದದ್ದನ್ನು ವಾಪಸು ಇಡತೊಡಗಿದೆ. ಗುಡ್ಡೆ ಹಾಕಿಕೊಂಡು ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ನೋಡಿದಳು. "ಟಮಾಟೆನ ಮೂಸಿ ಮೂಸಿ ಮಡಗ್ತಿದ್ದೀರಲ್ಲ ಸಾ, ಸೇವಂತಿಗೆ ಊವಾ ಅದು?" ಎಂದಳು. ಸುತ್ತಲಿನವರು ನಕ್ಕರು. ನಾನು ತೊಟ್ಟಿನ ವಾಸನೆಯ ಮಹತ್ವದ ಬಗ್ಗೆ ಅವಳಿಗೆ ನಾಲ್ಕು ಮಾತು ಹೇಳಿದೆ. ಮಾರನೆಯ ದಿನ ನಾನು ದೂರದಲ್ಲಿ ಕಂಡ ಕೂಡಲೇ ಅವಳೇ ಕೂಗಿದಳು: "ಬನ್ನಿ ಸಾ, ನಿಮ್ಗೇ ಅಂತ ಯಾರೂ ಮೂಸ್ದೆ ಇರೋವ ಮಡಗಿವ್ನಿ!" ನಾನು ಇದನ್ನೂ ಒಂದು ಮರ್ಯಾದೆಯೆಂದೇ ತಿಳಿದೆ. ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಸಹೋದ್ಯೋಗಿಗಳ ಸಾರಿನ ಮೇಲೆ ಬಗ್ಗಿ, ಪುಡಿ ಹಸಿಯಾಗಿಯೇ ಉಳಿದಿದೆ, ನಿಮ್ಮ ಮನೆಯವರಿಗೆ ಹೇಳಿ ಎನ್ನತೊಡಗಿದೆ. ಕೆಲವು ದಿನಗಳಲ್ಲಿ ನನ್ನ ಪಕ್ಕ ಕೂತು ಉಣ್ಣುವವರು ಯಾರೂ ಉಳಿಯಲಿಲ್ಲ.

ಅಷ್ಟರಲ್ಲಿ ಮಾವನವರು ಬರುವ ದಿನ ಗೊತ್ತಾಯಿತು. ಅದರ ಹಿಂದಿನ ದಿನವೇ, ಮುಂಜಾನೆಯ ಮಂಜಿನಲ್ಲಿ ಗಾಜು ಮುಚ್ಚಿಕೊಳ್ಳದ ಕಿಟಕಿಯ ಪಕ್ಕ ಕೂತು ನರಸೀಪುರಕ್ಕೆ ಹೋಗಿಬಂದದ್ದರ ಫಲವಾಗಿ, ನನಗೆ ನೆಗಡಿ ಹಿಡಿಯಿತು. ಸಾಮಾನ್ಯ ನೆಗಡಿಯಲ್ಲ, ಎರಡೂ ಹೊಳ್ಳೆಗೆ ಸಿಮೆಂಟು ಮೆತ್ತಿದ ಹಾಗೆ. ಬೆಳಿಗ್ಗೆ ಎದ್ದು ಇಂಗಿನ ಡಬ್ಬಿಯನ್ನೇ ಕದ್ದು ಮೂಸಿದೆ. ಏನೂ ಇಲ್ಲ. ಈಗ ಹೇಳಿದರೆ ಗಿರಿಜ ಕುಸಿದುಬಿಡುತ್ತಾಳೆ. ಹೇಳದಿದ್ದರೆ ಸಾರು ಕೆಡುತ್ತದೆ. ಹೇಡಿಗಳು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದೆ: ಸುಮ್ಮನಿದ್ದೆ. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ನೀಲಗಿರಿ ಎಣ್ಣೆಯನ್ನು ಕತ್ತಿಗೆ, ಎದೆಗೆ, ಮೂಗಿನ ಎರಡು ಕಡೆಗೂ ಬಳಿದುಕೊಂಡೆ. ಉರಿ ಹತ್ತಿ ಕಣ್ಣಲ್ಲಿ ನೀರು ಬಂತೇ ಹೊರತು ಮೂಗು ಬಿಡಲಿಲ್ಲ.

ಹೊರಗೆ ಬರುವ ಹೊತ್ತಿಗೆ ಮಾವನವರು ಬಂದು ನಡುಮನೆಯಲ್ಲಿ ಚೀಲ ಇಳಿಸಿದ್ದರು. ಗಿರಿಜ ನನ್ನನ್ನು ದಾಟಿಕೊಂಡು ಹೋದವಳು ಒಂದು ಕ್ಷಣ ನಿಂತು ತಿರುಗಿ ನೋಡಿದಳು. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅವಳು ನೇರವಾಗಿ ಹೋಗಿ ಅಪ್ಪನ ಚೀಲದ ಬಾಯಿ ಬಿಚ್ಚಿ, ಅದರ ಮೇಲೆ ಬಗ್ಗಿ, ಬಹಳ ಹೊತ್ತು ಹಾಗೆಯೇ ಕೂತಿದ್ದಳು. ಒಡೆದ ಹಣ್ಣುಗಳನ್ನು ಬೇರೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮಾವನವರು ಗಾಬರಿಯಾಗಿ "ಯಾಕವ್ವ, ಅಣ್ಣಾಗಿಲ್ವಾ ಸರ್ಯಾಗಿ?" ಎಂದರು. "ಚೆನ್ನಾಗಿ ಆಗಿದೆ ಅಪ್ಪ, ಬಹಳ ಚೆನ್ನಾಗಿ ಆಗಿದೆ" ಎಂದಳು, ತಲೆಯೆತ್ತದೆ.

ಸಾರು ಒಲೆಯ ಮೇಲೇರಿತು. ನಾನು ಎಂದಿನ ಹಾಗೆ ನನ್ನ ಜಾಗದಲ್ಲಿ ನಿಂತೆ. ಮಾವನವರು ಒಳಗೆ ಇಣುಕಿ, "ಅಳಿಯಂದ್ರು ಆಪೀಸ್ಗೆ ಓಗ್ನಿಲ್ವಾ? ಅಡ್ಗೆಮನೇಲೇ ನಿಂತವ್ರಲ್ಲ!" ಎಂದರು. ರಜ ಹಾಕಿದ್ದೇನೆ ಎಂದೆ. ಅಡಿಗೆಮನೆಗೆ ರಜ ಹಾಕುವ ಅಳಿಯನನ್ನು ಅವರು ಕಂಡಿರಲಿಲ್ಲವೆಂದು ಕಾಣುತ್ತದೆ, ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತರು. ಗಿರಿಜ ಮುಚ್ಚಳ ತೆಗೆದಳು. ನಾನು ಬಗ್ಗಿದೆ. ಬಿಸಿ ತಾಗಿತು, ಹಬೆ ತಾಗಿತು, ವಾಸನೆ ಮಾತ್ರ ಬೇರೆ ಊರಿನಲ್ಲಿತ್ತು. ನಾನು ಕಣ್ಣು ಮುಚ್ಚಿ, ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ಆಡಿಸಿ, ದೊಡ್ಡ ಸಂಗೀತಗಾರರ ಕಚೇರಿಯಲ್ಲಿ ಏನೂ ತಿಳಿಯದವರು ಆಡಿಸುವ ಹಾಗೆ, "ಇನ್ನೂ ಸ್ವಲ್ಪ ಹಸಿ ಇದೆ" ಎಂದೆ. ಅವಳು "ಹೌದಾ?" ಎಂದಳು. ಆಮೇಲೆ ಅಂದಾಜಿನ ಮೇಲೆ "ಆಯ್ತು, ಇಳಿಸು" ಎಂದೆ. ಹೇಳಿ, ಅಡಿಗೆಮನೆಯಲ್ಲಿ ನಿಲ್ಲಲಾರದೆ ಪೂಜೆಗೆ ಓಡಿದೆ. ಆ ದಿನ ನಾನು ಲಿಂಗದ ಮುಂದೆ ಕೂತು ಕೇಳಿಕೊಂಡಷ್ಟು ಭಕ್ತಿಯಿಂದ ನನ್ನ ಪ್ರಮೋಷನ್ನಿಗೂ ಕೇಳಿಕೊಂಡಿರಲಿಲ್ಲ.

ಎಡೆಯಾಯಿತು, ತಟ್ಟೆ ಹಾಕಿದಳು. ಮಾವನವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ನಾನು ನನ್ನ ತಟ್ಟೆ ನೋಡಲಿಲ್ಲ, ಅವರ ಗಂಟಲನ್ನೇ ನೋಡುತ್ತಿದ್ದೆ. ಅವರು ಎಂದಿನ ಹಾಗೆ ಮಾತಿಲ್ಲದೆ ಉಂಡರು. ಮುದ್ದೆ ಮುಗಿಯಿತು. ಅನ್ನ ಹಾಕಿಸಿಕೊಂಡರು. ಸಾರು ಕಲಸಿದರು, ಉಂಡರು. ಆಮೇಲೆ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, "ಇನ್ನೊಸಿ ಉಯ್ಯವ್ವ" ಎಂದರು. ಅಷ್ಟಕ್ಕೇ ನಿಲ್ಲದೆ, "ನಿಮ್ಮವ್ವ ಮಾಡ್ದಂಗೇ ಅದೆ" ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾವಿಬ್ಬರೂ ಹಿಂದೆಂದೂ ಕೇಳಿರಲಿಲ್ಲ. ಗಿರಿಜ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ನನಗೋ, ಸುಳ್ಳೇಕೆ ಹೇಳಲಿ, ಮೂಗು ಕಟ್ಟಿದ್ದರೂ ಬರಿಯ ಅನುಭವದಿಂದ ಇಂಥ ಸಾರನ್ನು ಇಳಿಸಿದೆನಲ್ಲ ಎಂದು ಎದೆ ಉಬ್ಬಿತು. ಗಿರಿಜ ಅಪ್ಪನಿಗೆ ಸಾರು ಬಡಿಸುತ್ತಾ, "ಎಲ್ಲ ಇವ್ರೇ ನಿಂತು ನೋಡ್ಕೊಂಡ್ರು ಅಪ್ಪ" ಎಂದಳು. ನಾನು ತಲೆ ತಗ್ಗಿಸಿ ವಿನಯವನ್ನು ತೋರಿಸಿದೆ.

ಮಾವನವರು ಮಲಗಿದ ಮೇಲೆ ಗಿರಿಜ ಪಾತ್ರೆ ತೊಳೆಯುತ್ತಾ, "ರೀ, ನಿಮಗೆ ನೆಗಡಿ ಯಾವಾಗಿಂದ?" ಎಂದಳು. ನೆಗಡಿಯಾ, ನನಗಾ ಎಂದು ಮೂಗಿನಲ್ಲೇ ಕೇಳಿದೆ. "ಬೆಳಿಗ್ಗೆ ನೀವು ಬಚ್ಚಲಿಂದ ಬಂದಾಗ ನೀಲಗಿರಿ ಎಣ್ಣೆ ಗಪ್ ಅಂತ ಬಡೀತು" ಎಂದಳು. ಸಿಕ್ಕಿಬಿದ್ದವನ ಗಾಬರಿಯಲ್ಲಿ ನನಗೆ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳೇ ಇನ್ನೊಮ್ಮೆ ಹೇಳಿದಳು: "ಬಡೀತು ರೀ. ವಾಸನೆ ಬಂತು. ಮೊದಲು ನಿಮ್ಮದು, ಆಮೇಲೆ ಅಪ್ಪನ ಟೊಮೇಟೊದ್ದು." ಅವಳ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. ಮತ್ತೆ ನನ್ನನ್ನೇಕೆ ಸಾರಿನ ಮುಂದೆ ನಿಲ್ಲಿಸಿದೆ ಎಂದೆ. "ಅಷ್ಟು ಶ್ರದ್ಧೆಯಿಂದ ಬಂದು ನಿಂತಿದ್ರಿ, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ. ಮೂಗು ಕಟ್ಟಿದೋರು ಏನು ಹೇಳ್ತೀರೋ ಕೇಳೋ ಆಸೇನೂ ಇತ್ತು." ಹಸಿ ಇದೆ ಎಂದು ನಾನು ಹೇಳಿದಾಗ ಹಸಿ ಹೋಗಿಯಾಗಿತ್ತಂತೆ. ಇಳಿಸು ಎಂದು ಹೇಳುವ ಹೊತ್ತಿಗೆ ಅವಳು ಒಲೆಯನ್ನೇ ಆರಿಸಿದ್ದಳಂತೆ. ಹಬೆಯಲ್ಲಿ ಕನ್ನಡಕ ಮಂಜಾಗಿದ್ದ ನನಗೆ ಅದು ಕಂಡಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ನಿಜವಾಗಿಯೂ ಆಯಿತು. ಅದರ ಹಿಂದೆಯೇ, ಇದ್ದೊಂದು ಹುದ್ದೆ ಹೋಯಿತಲ್ಲ ಎಂಬ ಸಣ್ಣ ಸಂಕಟವೂ ಆಯಿತು.

ಆದರೆ ಹುದ್ದೆ ಹೋದ ಸುದ್ದಿ ಹೆಮ್ಮರಗಾಲಕ್ಕೆ ಇನ್ನೂ ಮುಟ್ಟಿಲ್ಲ. ಮಾವನವರು ಊರಿಗೆ ಹೋಗಿ, ಅಳಿಯಂದಿರು ನಿಂತು ಮಾಡಿಸಿದ ಸಾರು ಎಂದು ಬೀದಿಯ ತುಂಬ ಹೇಳಿದ್ದಾರೆ. ಮೊನ್ನೆ ಗಿರಿಜ ಹಿತ್ತಲಿಗೆ ಹೋಗುತ್ತಾ ಒಲೆಯ ಕಡೆ ನೋಡಿಕೊಳ್ಳಿ ಎಂದು ನನಗೆ ಹೇಳಿಹೋದಳು. ಆಗಲೇ ಭಾವಮೈದುನನ ಹೆಂಡತಿಯ ಫೋನು ಬಂತು. "ಅಣ್ಣ, ಹಸಿ ವಾಸ್ನೆ ಓದದ್ದು ಎಂಗೆ ಗೊತ್ತಾಗ್ತದೆ, ವಸಿ ಏಳ್ಕೊಡಿ, ಮಾವ ದಿನಾ ನಿಮ್ ಮಾತೇ ಆಡ್ತರೆ" ಎಂದಳು. ನನ್ನದೇನೂ ಇಲ್ಲಮ್ಮ ಎನ್ನಬಹುದಾಗಿತ್ತು. ಒಲೆಗೆ ಬೆನ್ನು ಮಾಡಿ ನಿಂತು, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಮೂಗನ್ನು ಹೇಗೆ ಎಚ್ಚರವಾಗಿಟ್ಟುಕೊಳ್ಳಬೇಕು, ಹಬೆಯಲ್ಲಿ ಯಾವುದು ಮೊದಲು ಏಳುತ್ತದೆ, ಯಾವುದು ಆಮೇಲೆ ಎಂದು ವಿವರಿಸುತ್ತಾ ಬಹಳ ಮುಖ್ಯವಾದ ಘಟ್ಟಕ್ಕೆ ಬಂದಿದ್ದಾಗ ಹಿತ್ತಲಿನಿಂದ ಗಿರಿಜಳ ಕೂಗು ಕೇಳಿಸಿತು: "ರೀ, ಹಾಲು ಸೀದು ಇಲ್ಲೀತನಕ ವಾಸನೆ ಬರ್ತಿದೆ, ನೀವೆಲ್ಲಿದ್ದೀರಿ?"